ಬ್ಲಾಟ್‌ನಲ್ಲಿ ಬ್ಯಾಂಡ್ ಇದೆ, ಸ್ಲೈಡ್‌ನಲ್ಲಿ ಎಳೆ ಇಲ್ಲ: ಈರುಳ್ಳಿ ಬೇರುತುದಿಯಲ್ಲಿ ಟ್ಯೂಬುಲಿನ್, ಆಕ್ಟಿನ್ ಮಾನೊಕ್ಲೋನಲ್‌ಗಳು

ಬೇರುತುದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈರುಳ್ಳಿ ಬೇರುತುದಿಯ ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಮೈಕ್ರೊಟ್ಯೂಬ್ಯೂಲ್ (ಟ್ಯೂಬುಲಿನ್ ಪ್ರೋಟೀನಿನ ಕೊಳವೆಯಂಥ ಎಳೆ), ಆಕ್ಟಿನ್ (ಇನ್ನೊಂದು ಪ್ರೋಟೀನಿನ ತೆಳು ಎಳೆ) ಎರಡನ್ನೂ ಒಂದೇ ಸ್ಲೈಡಿನಲ್ಲಿ ನೋಡಬೇಕಾಗಿದೆ. ಟ್ಯೂಬುಲಿನ್‌ಗೆ ಡಿಎಂ1ಎ, ಆಕ್ಟಿನ್‌ಗೆ ಸಿ4. ಎರಡೂ ಮೌಸ್ ಮಾನೊಕ್ಲೋನಲ್ ಆಂಟಿಬಾಡಿ, ಅಂದರೆ ಒಂದೇ ಕೋಶದ ಸಂತತಿ (ಕ್ಲೋನ್) ಮಾಡಿದ, ಒಂದೇ ಗುರಿ ಹಿಡಿಯುವ ಪ್ರತಿಕಾಯ.

ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವುದು) ಚೆನ್ನಾಗಿಯೇ ಬರುತ್ತಿದೆ. ಬೇರಿನ ಸಾರದಲ್ಲಿ ಡಿಎಂ1ಎ 1:5000ಕ್ಕೆ 50 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್, ಸಿ4ಗೆ 42–43ರ ಹತ್ತಿರ ಒಂದು. ಸ್ಲೈಡಿಗೆ ಬಂದರೆ ಕಥೆಯೇ ಬೇರೆ. ಟ್ಯೂಬುಲಿನ್ ಸ್ಲೈಡಿನಲ್ಲಿ ಸ್ಕ್ವಾಶ್‌ನ (ಸ್ಲೈಡಿನ ಮೇಲೆ ಒತ್ತಿ ಹರಡಿದ ಬೇರುತುದಿಯ) ಅಂಚಿನ ಕೆಲವು ಕೋಶಗಳಲ್ಲಿ ಮಸುಕಾದ ಸ್ಪಿಂಡಲ್ (ಕ್ರೋಮೋಸೋಮುಗಳನ್ನು ಎಳೆಯುವ ಮೈಕ್ರೊಟ್ಯೂಬ್ಯೂಲ್ ಕದಿರು) ಕಾಣುತ್ತದೆ, ನಡುವಿನ ಗುಂಪುಗಳು ಪೂರ್ತಿ ಕಪ್ಪು. ಪ್ರೀಪ್ರೊಫೇಸ್ ಬ್ಯಾಂಡ್ (ವಿಭಜನೆಗೆ ಮುಂಚೆ ಕೋಶಪೊರೆಯ ಒಳಗೆ ಕಟ್ಟುವ ಮೈಕ್ರೊಟ್ಯೂಬ್ಯೂಲ್ ಪಟ್ಟಿ) ಒಂದೂ ಇಲ್ಲ. ಆಕ್ಟಿನ್ ಸ್ಲೈಡಿನಲ್ಲಿ ಬರೀ ಮಂಜು, ಮೇಲೆ ಚುಕ್ಕಿಗಳು.

ಈಗ ಮಾಡುತ್ತಿರುವ ಕ್ರಮ: ಬೇರುಗಳನ್ನು ಐಸ್ ಮೇಲೆ ಲ್ಯಾಬಿಗೆ ತರುವುದು, 37% ಫಾರ್ಮಲಿನ್ ಬಾಟಲಿಯಿಂದ ಪಿಬಿಎಸ್‌ನಲ್ಲಿ 4%ಗೆ ಇಳಿಸಿ 1 ಗಂಟೆ ಫಿಕ್ಸ್ (ಕೋಶವನ್ನು ಇದ್ದಂತೆಯೇ ಹಿಡಿದಿಡುವುದು), 1% ಸೆಲ್ಯುಲೇಸ್ 10 ನಿಮಿಷ, ಸ್ಕ್ವಾಶ್, 0.1% ಟ್ರೈಟಾನ್ (ಪೊರೆ ತೂತು ಮಾಡುವ ಡಿಟರ್ಜೆಂಟ್) 10 ನಿಮಿಷ, 1% ಬಿಎಸ್‌ಎ, ಪ್ರೈಮರಿ (ಗುರಿ ಹಿಡಿಯುವ ಮೊದಲ ಆಂಟಿಬಾಡಿ) 1:1000, ರೂಮ್ ಟೆಂಪರೇಚರ್‌ನಲ್ಲಿ 1 ಗಂಟೆ, ಆಲೆಕ್ಸಾ 488 ಗೋಟ್ ಆಂಟಿಮೌಸ್ (ಪ್ರೈಮರಿಗೆ ಅಂಟಿ ಹೊಳೆಯುವ ಸೆಕೆಂಡರಿ) 1:500.

ಕೇಳಬೇಕಾದ್ದು ಮೂರು. ಆಂಟಿಬಾಡಿಯನ್ನೇ ಬದಲಿಸಿ ಸಸ್ಯಕ್ಕೆಂದೇ ಮಾಡಿದ ಕ್ಲೋನ್ ತರಿಸಬೇಕೆ? ಎರಡೂ ಮೌಸ್ ಆಗಿರುವಾಗ ಡಬಲ್ ಲೇಬಲ್ (ಒಂದೇ ಸ್ಲೈಡಿನಲ್ಲಿ ಎರಡು ಬಣ್ಣ) ಹೇಗೆ? ಮೂರನೆಯದು ಗೈಡ್ ಕೇಳಿದ್ದು: ರಾಗಿಯಲ್ಲಿ ಮೈಕ್ರೊಟ್ಯೂಬ್ಯೂಲ್ ಜೋಡಿಸುವ ಎಂಎಪಿ65 ಪ್ರೋಟೀನಿಗೆ ನಾವೇ ಮಾನೊಕ್ಲೋನಲ್ ಮಾಡಿಕೊಳ್ಳಬಹುದೆ, ಅದಕ್ಕೆ ತಗಲುವ ಶ್ರಮಕ್ಕೆ ಫಲ ಇದೆಯೆ?

ಫ್ರಾಗ್ಮೋಪ್ಲಾಸ್ಟ್

ಆಂಟಿಬಾಡಿ ಮುಟ್ಟಬೇಡಿ, ಅದರ ತಪ್ಪೇನೂ ಇಲ್ಲ. ಅಂಚಿನ ಕೋಶಗಳಲ್ಲಿ ಸ್ಪಿಂಡಲ್ ಕಂಡು ನಡುವೆ ಕಪ್ಪಾಗಿದೆ ಎಂದರೆ ಒಳಗೆ ಆಂಟಿಬಾಡಿ ಹೋಗಿಯೇ ಇಲ್ಲ. ಐಜಿಜಿ (ಇಲ್ಲಿ ಬಳಸುವ ಆಂಟಿಬಾಡಿಯ ಬಗೆ) ಅಂದರೆ 150 ಕಿಲೋಡಾಲ್ಟನ್‌ನ ದೊಡ್ಡ ಅಣು. ಕೋಶಭಿತ್ತಿ ಸಡಿಲವಾಗದೆ ಅದು ದಾಟುವುದಿಲ್ಲ. ಪ್ರೀಪ್ರೊಫೇಸ್ ಬ್ಯಾಂಡ್ ಒಂದೂ ಇಲ್ಲದಿರುವುದಕ್ಕೆ ಕಾರಣ ಬೇರೆ, ಅದು ನಿಮ್ಮ ಐಸ್.

ಮೈಕ್ರೊಟ್ಯೂಬ್ಯೂಲ್‌ಗಳು ತಣ್ಣಗಾದರೆ ಬಿಚ್ಚಿಕೊಳ್ಳುತ್ತವೆ. ಐಸ್ ಮೇಲೆ ತಂದ ಬೇರನ್ನು ಹಾಗೆಯೇ ಫಿಕ್ಸೇಟಿವ್‌ಗೆ ಹಾಕಿದರೆ ಬಿಚ್ಚಿಕೊಂಡ ಟ್ಯೂಬುಲಿನ್‌ನನ್ನೇ ಫಿಕ್ಸ್ ಮಾಡಿದ ಹಾಗಾಯಿತು. ಸ್ಪಿಂಡಲ್‌ನ ಕೈನೆಟೊಕೋರ್ ಎಳೆಗಳು (ಕ್ರೋಮೋಸೋಮಿಗೆ ಅಂಟಿದವು) ಸ್ವಲ್ಪ ತಡೆದುಕೊಳ್ಳುತ್ತವೆ, ಆದ್ದರಿಂದ ಅವಷ್ಟೇ ಮಸುಕಾಗಿ ಉಳಿದಿವೆ. ಬೇರುಗಳನ್ನು ಬೆಳೆದ ನೀರಿನಲ್ಲೇ, ರೂಮ್ ಟೆಂಪರೇಚರ್‌ನಲ್ಲೇ ತನ್ನಿ. ಫಿಕ್ಸೇಟಿವ್ ಕೂಡ ಫ್ರಿಜ್‌ನಿಂದ ತೆಗೆದ ತಕ್ಷಣ ಬಳಸಬೇಡಿ.

ಎರಡನೆಯದು ಬಫರ್. ಪಿಬಿಎಸ್‌ನಲ್ಲಿ ಕ್ಯಾಲ್ಸಿಯಂ ಹಿಡಿಯುವುದು ಏನೂ ಇಲ್ಲ. ಕೋಶ ಸಾಯುವ ಆ ಒಂದೆರಡು ನಿಮಿಷದಲ್ಲಿ ವ್ಯಾಕ್ಯೂಲ್‌ನಿಂದಲೂ ಭಿತ್ತಿಯಿಂದಲೂ ಕ್ಯಾಲ್ಸಿಯಂ ಒಳನುಗ್ಗಿ ಮೈಕ್ರೊಟ್ಯೂಬ್ಯೂಲ್ ಕರಗಿಸುತ್ತದೆ. ಕ್ಯಾಲ್ಸಿಯಂ ಹಿಡಿಯುವ ಇಜಿಟಿಎ ಇರುವ ಎಂಟಿಎಸ್‌ಬಿ (ಮೈಕ್ರೊಟ್ಯೂಬ್ಯೂಲ್ ಉಳಿಸುವ ಬಫರ್) ಮಾಡಿಕೊಳ್ಳಿ. 500 ಎಂಎಲ್‌ಗೆ ಪೈಪ್ಸ್ 7.56 ಗ್ರಾಂ, ಇಜಿಟಿಎ 0.95 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.62 ಗ್ರಾಂ. ಅಂದರೆ 50, 5, 5 ಮಿಲಿಮೋಲಾರ್. ಪಿಎಚ್ 6.9. ಪೈಪ್ಸ್ ಆಮ್ಲ ಬರೀ ನೀರಿನಲ್ಲಿ ಕರಗದೆ ಹಾಲಿನಂತೆ ನಿಂತಿರುತ್ತದೆ, ಗಾಬರಿಯಾಗಿ ಇನ್ನಷ್ಟು ನೀರು ಸುರಿಯಬೇಡಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತ ಪಿಎಚ್ 6.5 ದಾಟುತ್ತಿದ್ದಂತೆ ತಿಳಿಯಾಗುತ್ತದೆ.

ಫಾರ್ಮಲಿನ್ ಬಾಟಲಿಯಲ್ಲಿ 10–15% ಮೆಥನಾಲ್ ಸೇರಿಸಿರುತ್ತಾರೆ, ಹಳೆಯದಾದರೆ ಫಾರ್ಮಿಕ್ ಆಮ್ಲವೂ ಸೇರಿರುತ್ತದೆ. ಹಿಸ್ಟಾಲಜಿಗೆ ಅದು ಸಾಕು, ಇದಕ್ಕೆ ಸಾಲದು. ಪ್ಯಾರಾಫಾರ್ಮಾಲ್ಡಿಹೈಡ್ ಪುಡಿ 4 ಗ್ರಾಂ, ಸುಮಾರು 80 ಎಂಎಲ್ ಎಂಟಿಎಸ್‌ಬಿ, ಫ್ಯೂಮ್ ಹುಡ್ ಒಳಗೆ 60 ಡಿಗ್ರಿಗೆ ಬಿಸಿ, ತಿಳಿಯಾಗುವವರೆಗೆ 1 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ. ಆರಿಸಿ, ಸೋಸಿ, ಪಿಎಚ್ ಮತ್ತೆ 6.9ಕ್ಕೆ ತಂದು 100ಕ್ಕೆ ಏರಿಸಿ. 0.1% ಟ್ರೈಟಾನ್ ಇದರಲ್ಲೇ ಸೇರಿಸಿ. ಬೇರಿನ ಮೇಲ್ಮೈಗೆ ಗಾಳಿ ಅಂಟಿಕೊಳ್ಳದೆ ದ್ರವ ಬೇಗ ಒಳಗಿಳಿಯುತ್ತದೆ. ಆ ದಿನದ್ದು ಆ ದಿನಕ್ಕೇ. 1–2 ಸೆಂ.ಮೀ. ಉದ್ದದ ಬೇರಿನಿಂದ ತುದಿಯ 1.5–2 ಮಿ.ಮೀ. ಮಾತ್ರ ದ್ರವದೊಳಗೇ ಕತ್ತರಿಸಿ. 1 ಗಂಟೆ ಸಾಕು. ಆಮೇಲೆ ಎಂಟಿಎಸ್‌ಬಿಯಲ್ಲಿ 10 ನಿಮಿಷದ ಮೂರು ತೊಳೆತ.

ಇನ್ನು ಎಂಜೈಮ್. ಬರೀ ಸೆಲ್ಯುಲೇಸ್ ಸಾಲದು, ಕೋಶ ಕೋಶದ ನಡುವಿನ ಪೆಕ್ಟಿನ್ ಹಾಗೆಯೇ ಉಳಿಯುತ್ತದೆ. ಗುಂಪುಗಳು ಬಿಡಿಸಿಕೊಳ್ಳದಿರುವುದು ಅದಕ್ಕೇ. 1% ಸೆಲ್ಯುಲೇಸ್ ಒನೊಜುಕಾ ಆರ್-10, ಜೊತೆಗೆ 0.1% ಪೆಕ್ಟೊಲಯೇಸ್ ವೈ-23. ದುಬಾರಿಯಾಯಿತು ಎಂದರೆ 0.5% ಮ್ಯಾಸರೊಜೈಮ್ ಆರ್-10, ಸಮಯ ಒಂದೂವರೆ ಪಟ್ಟು. ಬಫರ್ 25 ಮಿಲಿಮೋಲಾರ್ ಎಂಇಎಸ್ ಪಿಎಚ್ 5.5, 5 ಮಿಲಿಮೋಲಾರ್ ಇಜಿಟಿಎ, 0.4 ಮೋಲಾರ್ ಮ್ಯಾನಿಟಾಲ್. ಪೈಪ್ಸ್ ಇಲ್ಲಿ ಉಪಯೋಗವಿಲ್ಲ, 5.5ರಲ್ಲಿ ಅದು ಬಫರ್ ಮಾಡುವುದೇ ಇಲ್ಲ. ಈ ಎಂಜೈಮುಗಳು ಶಿಲೀಂಧ್ರದ ಕಚ್ಚಾ ಸಾರ, ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಬೆರೆತೇ ಇರುತ್ತದೆ; ಟ್ಯೂಬುಲಿನ್‌ನ ಬಾಲ ಕತ್ತರಿಸಿಹೋದರೆ ಡಿಎಂ1ಎ ಹಿಡಿಯುವ ಜಾಗವೇ ಇರುವುದಿಲ್ಲ. ಆದ್ದರಿಂದ ಪ್ರೋಟಿಯೇಸ್ ತಡೆಯುವ ಪಿಎಂಎಸ್‌ಎಫ್ 1 ಮಿಲಿಮೋಲಾರ್, ಐಸೊಪ್ರೊಪನಾಲ್ ಸ್ಟಾಕ್‌ನಿಂದ, ಬೇರು ಹಾಕುವ ಕ್ಷಣಕ್ಕೆ ಮುಂಚೆ. ನೀರಿನಲ್ಲಿ ಅದು ಬೇಗ ಕೆಡುತ್ತದೆ, ಬೆಳಿಗ್ಗೆ ಹಾಕಿಟ್ಟು ಮಧ್ಯಾಹ್ನ ಬಳಸಿದರೆ ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ.

ಸಮಯ 25–30 ನಿಮಿಷ. ಗಡಿಯಾರಕ್ಕಿಂತ ಸೂಜಿಯನ್ನು ನಂಬಿ: ಸ್ಲೈಡ್ ಮೇಲಿಟ್ಟ ತುದಿಯನ್ನು ಸೂಜಿಯಿಂದ ಮೆಲ್ಲಗೆ ಒತ್ತಿದಾಗ ತುಂಡು ತುಂಡಾಗಿ ಒಡೆದರೆ ಇನ್ನೂ ಬೇಕು, ನೀರಿನಲ್ಲಿ ಹಿಟ್ಟು ಕದಡಿದ ಹಾಗೆ ಹರಡಿದರೆ ಸರಿಯಾಗಿದೆ. ಡಿಎಪಿಐ (ಡಿಎನ್ಎ ಬಣ್ಣ) ಹಾಕಿ ನೋಡಿದಾಗ ಸುತ್ತ ಏನೂ ಇಲ್ಲದ ಒಂಟಿ ನ್ಯೂಕ್ಲಿಯಸ್‌ಗಳೇ ತೇಲುತ್ತಿದ್ದರೆ ಅತಿಯಾಗಿದೆ.

ಸ್ಲೈಡಿಗೆ 0.1% ಪಾಲಿ-ಎಲ್-ಲೈಸಿನ್ ಲೇಪನ. ಒತ್ತಿದ ಮೇಲೆ ಕವರ್‌ಸ್ಲಿಪ್ ಸಮೇತ ದ್ರವ ಸಾರಜನಕದಲ್ಲಿ ಅದ್ದಿ, ಕುದಿತ ನಿಂತ ಕೂಡಲೇ ತೆಗೆದು ಬ್ಲೇಡಿನ ಮೂಲೆಯಿಂದ ಕವರ್‌ಸ್ಲಿಪ್ ಎಗರಿಸಿ. ನಿಧಾನವಾಗಿ ಜಾರಿಸಿ ತೆಗೆದರೆ ಕೋಶಗಳು ಅದರ ಜೊತೆಗೇ ಹೋಗುತ್ತವೆ. ಆಮೇಲೆ 1% ಟ್ರೈಟಾನ್ 30–60 ನಿಮಿಷ, ನಿಮ್ಮ 0.1% ಹತ್ತು ನಿಮಿಷ ಪ್ರಾಣಿಕೋಶದ ಲೆಕ್ಕ. ಬ್ಲಾಕಿಂಗ್‌ಗೆ 1% ಬಿಎಸ್‌ಎ ಜೊತೆ 50 ಮಿಲಿಮೋಲಾರ್ ಗ್ಲೈಸಿನ್, ಉಳಿದ ಆಲ್ಡಿಹೈಡ್ ಗುಂಪುಗಳನ್ನು ಅದು ಮುಚ್ಚುತ್ತದೆ. ಪ್ರೈಮರಿ 1:500, 4 ಡಿಗ್ರಿಯಲ್ಲಿ ರಾತ್ರಿಯಿಡೀ, ತೇವದ ಡಬ್ಬಿಯಲ್ಲಿ. ಈ ಹಂತಕ್ಕೆ ತಣ್ಣಗಿದ್ದರೆ ತೊಂದರೆಯಿಲ್ಲ, ಎಲ್ಲ ಫಿಕ್ಸ್ ಆಗಿದೆ.

ಜೆಲ್ಲು‌ಬ್ಲಾಟು

ಮೇಲಿನದಕ್ಕೆ ಪೂರಕವಾಗಿ ಕ್ಲೋನ್‌ಗಳ ಬಗ್ಗೆ. ‘ಸಸ್ಯಕ್ಕೆಂದೇ’ ಎಂಬ ಲೇಬಲ್‌ಗೆ ಟ್ಯೂಬುಲಿನ್ ವಿಷಯದಲ್ಲಿ ಹೆಚ್ಚು ಅರ್ಥವಿಲ್ಲ. ಡಿಎಂ1ಎ ಹುಟ್ಟಿದ್ದು ಕೋಳಿ ಮರಿಯ ಮೆದುಳಿನ ಟ್ಯೂಬುಲಿನ್‌ಗೆ, ಬಿ-5-1-2 ಕಡಲ ಅರ್ಚಿನ್‌ನ ವೀರ್ಯಾಣು ಬಾಲಕ್ಕೆ, ವೈಒಎಲ್1/34 ಯೀಸ್ಟ್‌ಗೆ. ಮೂರೂ ಸಸ್ಯಗಳಲ್ಲಿ ಕೆಲಸ ಮಾಡುತ್ತವೆ, ಏಕೆಂದರೆ ಆಲ್ಫಾ ಟ್ಯೂಬುಲಿನ್ ಅಷ್ಟರಮಟ್ಟಿಗೆ ಬದಲಾಗದೆ ಉಳಿದ ಪ್ರೋಟೀನು.

ಡಿಎಂ1ಎ ಹಿಡಿಯುವುದು ಆಲ್ಫಾ ಟ್ಯೂಬುಲಿನ್‌ನ ಸಿ-ತುದಿಯ ಹತ್ತಿರ, 426–430ರ ಅಮೈನೋ ಆಮ್ಲಗಳ ಸುತ್ತ. ಅದು ಸರಳ ಸಾಲಿನ ಎಪಿಟೋಪ್ (ಆಂಟಿಬಾಡಿ ಹಿಡಿಯುವ ಜಾಗ), ಎಸ್‌ಡಿಎಸ್‌ನಲ್ಲಿ ಕುದಿಸಿದರೂ ಉಳಿಯುತ್ತದೆ. ಜೊತೆಗೆ ಆ ಭಾಗ ಮೈಕ್ರೊಟ್ಯೂಬ್ಯೂಲ್‌ನ ಹೊರಮೈಯಲ್ಲೇ ಇದೆ, ಒಳಗೆ ಹುದುಗಿಲ್ಲ. ಹಾಗಾಗಿ ಈ ಕ್ಲೋನ್‌ನ ಮಟ್ಟಿಗೆ ಬ್ಲಾಟ್‌ನಲ್ಲಿ ಒಂದೇ ಬ್ಯಾಂಡ್ ಬಂದರೆ ಸ್ಲೈಡಿನಲ್ಲೂ ಹಿಡಿಯುತ್ತದೆ ಎಂದು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಎಲ್ಲ ಆಂಟಿಬಾಡಿಗೂ ಇದೇ ಮಾತು ಹೇಳಲಾಗದು. ಮಡಿಚಿದ ಆಕಾರವನ್ನೇ ಗುರುತಿಸುವ ಕ್ಲೋನ್ ಬ್ಲಾಟ್‌ನಲ್ಲಿ ಸತ್ತು ಸ್ಲೈಡಿನಲ್ಲಿ ಬದುಕುತ್ತದೆ, ಕೆಲವು ಇದರ ತಿರುಗಾಮುರುಗ.

6-11ಬಿ-1 ಕೈಗೆ ಸಿಕ್ಕಿತೆಂದು ಅದನ್ನು ಮೈಕ್ರೊಟ್ಯೂಬ್ಯೂಲ್ ಗುರುತಿಗೆ ಬಳಸಬೇಡಿ. ಅದು ಹಿಡಿಯುವುದು 40ನೆಯ ಲೈಸಿನ್‌ನಲ್ಲಿ ಅಸಿಟೈಲ್ ಆದ ಆಲ್ಫಾ ಟ್ಯೂಬುಲಿನ್ ಮಾತ್ರ. ಸಸ್ಯಗಳಲ್ಲಿ ಅದರ ಪ್ರಮಾಣ ಜಾತಿಗೆ, ಅಂಗಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಅಲ್ಲಿ ಕಪ್ಪಾಗಿದ್ದರೆ ಅಸಿಟೈಲೇಶನ್ ಇಲ್ಲ ಎಂದಷ್ಟೇ ತಿಳಿಯುವುದು.

ಬ್ಲಾಟ್ ಬಗ್ಗೆ ಎರಡು ಎಚ್ಚರಿಕೆ. ಮುಂದೆ ಎಲೆಯ ಸಾರ ಹಾಕುವುದಾದರೆ ರುಬಿಸ್ಕೊ (ದ್ಯುತಿಸಂಶ್ಲೇಷಣೆಯ ಎಂಜೈಮ್) ದೊಡ್ಡ ಉಪಘಟಕ ಸುಮಾರು 55 ಕಿಲೋಡಾಲ್ಟನ್, ಟ್ಯೂಬುಲಿನ್‌ನ ತಲೆಯ ಮೇಲೇ ಕೂರುತ್ತದೆ. ಎಲೆಯಲ್ಲಿ ಅದರ ರಾಶಿ ಎಷ್ಟಿರುತ್ತದೆಂದರೆ ಟ್ಯೂಬುಲಿನ್ ಬ್ಯಾಂಡ್ ಕೆಳಕ್ಕೆ ತಳ್ಳಲ್ಪಟ್ಟು ನಗುವ ಬಾಯಿಯಂತೆ ಬಾಗುತ್ತದೆ. 10% ಜೆಲ್ಲನ್ನು ಉದ್ದ ಓಡಿಸಿ, ಲೇನಿಗೆ 10 ಮೈಕ್ರೊಗ್ರಾಂ ಮೀರಬೇಡಿ. ರಾಗಿ ಎಲೆಗೆ ಇಳಿದರೆ ಫಿನಾಲಿಕ್‌ಗಳ ಕಾಟವೂ ಉಂಟು, ಅರೆಯುವಾಗಲೇ 2% ಪಿವಿಪಿಪಿ (ಫಿನಾಲಿಕ್ ಹೀರುವ ಪುಡಿ) ಸೇರಿಸಿ.

ಇನ್ನೊಂದು, ಇಮ್ಯುನೊಪ್ರೆಸಿಪಿಟೇಶನ್ (ಆಂಟಿಬಾಡಿ ಅಂಟಿದ ಮಣಿಗಳಿಂದ ಪ್ರೋಟೀನನ್ನು ಸಾರದಿಂದ ಹೆಕ್ಕುವುದು). ಮೌಸ್ ಆಂಟಿಬಾಡಿಯಿಂದಲೇ ಹಿಡಿದು ಮೌಸ್ ಆಂಟಿಬಾಡಿಯಿಂದಲೇ ಬ್ಲಾಟ್ ಮಾಡಿದರೆ 50 ಕಿಲೋಡಾಲ್ಟನ್‌ನಲ್ಲಿ ದಪ್ಪ ಬ್ಯಾಂಡ್ ಬಂದೇ ಬರುತ್ತದೆ. ಅದು ಐಜಿಜಿಯ ಹೆವಿ ಚೈನ್. ಟ್ಯೂಬುಲಿನ್‌ನಷ್ಟೇ ತೂಕ. ‘ನಮ್ಮ ಪ್ರೋಟೀನ್ ಟ್ಯೂಬುಲಿನ್‌ಗೆ ಅಂಟುತ್ತದೆ’ ಎಂಬ ತೀರ್ಮಾನ ಈ ಬ್ಯಾಂಡಿನ ಮೇಲೆ ನಿಲ್ಲಬಾರದು. ಲೈಟ್ ಚೈನ್ ಮಾತ್ರ ಗುರುತಿಸುವ ಸೆಕೆಂಡರಿ ಬಳಸಿ, ಇಲ್ಲವೇ ಆಂಟಿಬಾಡಿಯನ್ನು ಡಿಎಂಪಿ ಎಂಬ ಬೆಸುಗೆ ರಾಸಾಯನಿಕದಿಂದ ಮಣಿಗಳಿಗೆ ಬೆಸೆದುಬಿಡಿ. ಆಂಟಿಬಾಡಿ ಹಾಕದ ಮಣಿ, ಸಾರ ಹಾಕದ ಆಂಟಿಬಾಡಿ, ಈ ಎರಡು ಲೇನ್ ಇಲ್ಲದ ಚಿತ್ರವನ್ನು ರಿವ್ಯೂಯರ್ ಒಪ್ಪಬಾರದು ಕೂಡ.

ಡಬಲ್ ಲೇಬಲ್‌ಗೆ: ಡಿಎಂ1ಎ, ಸಿ4 ಎರಡೂ ಐಜಿಜಿ1. ಹಾಗಾಗಿ ಐಸೊಟೈಪ್ (ಆಂಟಿಬಾಡಿಯ ಉಪವರ್ಗ) ನೋಡಿ ಬೇರ್ಪಡಿಸುವ ಸೆಕೆಂಡರಿಗಳಿಂದಲೂ ಪ್ರಯೋಜನವಿಲ್ಲ. ಟ್ಯೂಬುಲಿನ್‌ಗೆ ವೈಒಎಲ್1/34 ತರಿಸಿ, ಅದು ರ್ಯಾಟ್ ಮಾನೊಕ್ಲೋನಲ್. ಆಕ್ಟಿನ್‌ಗೆ ಸಿ4 ಇರಲಿ. ಆದರೆ ರ್ಯಾಟ್, ಮೌಸ್ ಐಜಿಜಿಗಳು ಒಂದನ್ನೊಂದು ಬಹಳ ಹೋಲುತ್ತವೆ. ಸಾಮಾನ್ಯ ಆಂಟಿಮೌಸ್ ಸೆಕೆಂಡರಿ ರ್ಯಾಟ್ ಆಂಟಿಬಾಡಿಗೂ ಅಂಟಿ, ಆಕ್ಟಿನ್ ಚಾನೆಲ್‌ನಲ್ಲಿ ಅಂದವಾದ ಸ್ಪಿಂಡಲ್ ತೋರಿಸುತ್ತದೆ. ಆಂಟಿಮೌಸ್ ಕೊಳ್ಳುವಾಗ ರ್ಯಾಟ್ ಐಜಿಜಿಗೆ ಕ್ರಾಸ್ ಅಡ್ಸಾರ್ಬ್ಡ್ (ಅದಕ್ಕೆ ಅಂಟುವ ಭಾಗವನ್ನು ತೆಗೆದುಹಾಕಿದ್ದು) ಎಂದೂ, ಆಂಟಿರ್ಯಾಟ್ ಕೊಳ್ಳುವಾಗ ಮೌಸ್‌ಗೆ ಕ್ರಾಸ್ ಅಡ್ಸಾರ್ಬ್ಡ್ ಎಂದೂ ಬರೆದಿರಬೇಕು. ಎರಡೂ ಸೆಕೆಂಡರಿ ಒಂದೇ ಪ್ರಾಣಿಯಲ್ಲಿ ಮಾಡಿದ್ದಾಗಿರಲಿ. ಒಂದೊಂದು ಪ್ರೈಮರಿ ಮಾತ್ರ ಹಾಕಿ, ಎರಡೂ ಸೆಕೆಂಡರಿ ಹಾಕಿದ ಸ್ಲೈಡುಗಳನ್ನು ಪ್ರತಿ ಸಲ ಇಟ್ಟುಕೊಳ್ಳಿ.

ಎಫ್‌ಆಕ್ಟಿನ್

ಆಕ್ಟಿನ್ ಚುಕ್ಕಿಗಳ ವಿಷಯ ಯಾರೂ ಮುಟ್ಟಿಲ್ಲ.

ಸಸ್ಯಕೋಶದ ತೆಳು ಆಕ್ಟಿನ್ ಎಳೆಗಳು ಫಾರ್ಮಾಲ್ಡಿಹೈಡ್‌ಗೆ ನಿಲ್ಲುವುದಿಲ್ಲ. ಫಿಕ್ಸೇಟಿವ್ ನಿಧಾನವಾಗಿ ಹಿಡಿಯುವಷ್ಟರಲ್ಲಿ ಎಳೆ ತುಂಡಾಗಿ ಚುಕ್ಕಿಯಾಗಿರುತ್ತದೆ. ಮೊದಲು ಎಂಬಿಎಸ್ ಎಂಬ ಬೆಸುಗೆ ರಾಸಾಯನಿಕ ಹಾಕಬೇಕು. ಅದರ ಒಂದು ತುದಿ ಅಮೀನ್‌ಗೆ, ಇನ್ನೊಂದು ಥಯಾಲ್‌ಗೆ ಅಂಟುತ್ತದೆ. ಒಣ ಡಿಎಂಎಸ್‌ಒದಲ್ಲಿ 31.4 ಮಿ.ಗ್ರಾಂ ಪ್ರತಿ ಎಂಎಲ್‌ಗೆ ಕರಗಿಸಿದರೆ 100 ಮಿಲಿಮೋಲಾರ್ ಸ್ಟಾಕ್. 1 ಎಂಎಲ್ ಎಂಟಿಎಸ್‌ಬಿಗೆ 3 ಮೈಕ್ರೊಲೀಟರ್, ಅಂದರೆ 300 ಮೈಕ್ರೊಮೋಲಾರ್, ಜೊತೆಗೆ 0.05% ಟ್ರೈಟಾನ್. ಬೇರುತುದಿಗಳು ಇದರಲ್ಲಿ 30 ನಿಮಿಷ, ಮೊದಲ 5 ನಿಮಿಷ ಹಗುರ ವ್ಯಾಕ್ಯೂಮ್. ನಂತರ ತೊಳೆಯದೆ ನೇರ ಪ್ಯಾರಾಫಾರ್ಮಾಲ್ಡಿಹೈಡ್‌ಗೆ.

ಎಂಬಿಎಸ್ ನೀರಿನಲ್ಲಿ ಬೇಗ ಒಡೆಯುತ್ತದೆ, ಬೇರು ಕೈಯಲ್ಲಿ ಹಿಡಿದುಕೊಂಡೇ ಬೆರೆಸಿ. ಆ ಬಫರ್‌ನಲ್ಲಿ ಟ್ರಿಸ್, ಗ್ಲೈಸಿನ್, ಡಿಟಿಟಿ, ಮರ್ಕ್ಯಾಪ್ಟೊಎಥನಾಲ್ ಯಾವುದೂ ಇರಕೂಡದು. ಎಂಬಿಎಸ್ ಅವುಗಳಿಗೇ ಅಂಟಿ ಮುಗಿದುಹೋಗುತ್ತದೆ.

ಮಂಜಿನ ಬಗ್ಗೆ: ಸಿ4 ಎಳೆಯಲ್ಲಿರುವ ಆಕ್ಟಿನ್ ಜೊತೆಗೆ ಬಿಡಿ ಆಕ್ಟಿನ್‌ನನ್ನೂ ಹಿಡಿಯುತ್ತದೆ. ಸ್ವಲ್ಪ ಮಂಜು ಇದ್ದೇ ಇರುತ್ತದೆ, ಅದು ಹಿನ್ನೆಲೆಯ ಕೊಳೆಯಲ್ಲ, ನಿಜವಾದ ಆಕ್ಟಿನ್ನೇ. ಎಳೆ ಮಾತ್ರ ಸಾಕು ಎಂದರೆ ಆಂಟಿಬಾಡಿ ಬಿಟ್ಟು ರೋಡಮಿನ್ ಫ್ಯಾಲಾಯ್ಡಿನ್ (ಆಕ್ಟಿನ್ ಎಳೆಗೇ ಅಂಟುವ ಹೊಳೆಯುವ ಅಣು) ಹಾಕಿ. ಡಬಲ್ ಲೇಬಲ್ ಪ್ರಶ್ನೆಯೂ ಅಲ್ಲಿಗೇ ಮುಗಿಯಿತು, ಡಿಎಂ1ಎ ಇದ್ದದ್ದು ಇರಲಿ. ಮೆಥನಾಲ್‌ನಲ್ಲಿರುವ 6.6 ಮೈಕ್ರೊಮೋಲಾರ್ ಸ್ಟಾಕ್‌ನಿಂದ ಬೇಕಾದಷ್ಟು ತೆಗೆದು ಮೆಥನಾಲ್ ಆರಿಸಿ, 20 ಪಟ್ಟು ಬಫರ್‌ನಲ್ಲಿ ಎತ್ತಿಕೊಂಡರೆ 0.33 ಮೈಕ್ರೊಮೋಲಾರ್. ಒಂದೇ ಷರತ್ತು, ಇಡೀ ಕ್ರಮದಲ್ಲಿ ಎಲ್ಲೂ ಮೆಥನಾಲ್ ಅಥವಾ ಆಲ್ಕೊಹಾಲ್ ಹಂತ ಇರಬಾರದು. ಮೆಥನಾಲ್ ತಾಗಿದ ಆಕ್ಟಿನ್ ಎಳೆಗೆ ಫ್ಯಾಲಾಯ್ಡಿನ್ ಕೂರುವುದಿಲ್ಲ. ನಿಮ್ಮ ಫಾರ್ಮಲಿನ್ ಬಾಟಲಿ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಯಾವ ಆಕ್ಟಿನ್ ಎಂಬುದು ಮುಖ್ಯವಾದರೆ ಫ್ಯಾಲಾಯ್ಡಿನ್ ಸಹಾಯಕ್ಕೆ ಬರದು. ಅರಾಬಿಡಾಪ್ಸಿಸ್‌ನಲ್ಲೇ ಕೆಲಸ ಮಾಡುವ ಆಕ್ಟಿನ್ ಜೀನುಗಳು 8. ಅವುಗಳಲ್ಲಿ 2, 7, 8 ಕಾಂಡ, ಎಲೆ, ಬೇರಿನವು. 1, 3, 4, 11, 12 ಮುಖ್ಯವಾಗಿ ಪರಾಗ ಮತ್ತು ಹೂವಿನ ಭಾಗಗಳವು. ಈ ಗುಂಪುಗಳನ್ನು ಬೇರ್ಪಡಿಸುವುದಕ್ಕೆ ಮಾನೊಕ್ಲೋನಲ್ಲೇ ಬೇಕು. ಈರುಳ್ಳಿ ಬೇರಿಗೆ ಸದ್ಯ ಆ ರಗಳೆ ಬೇಡ.

ಕಾಂಫೋಕಲ್_ಕೋಣೆ

@ಫ್ರಾಗ್ಮೋಪ್ಲಾಸ್ಟ್ ಹೇಳಿದ್ದಕ್ಕೆ ಒಂದು ಭಿನ್ನಾಭಿಪ್ರಾಯ. ಬರೀ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಪಿಂಡಲ್, ಫ್ರಾಗ್ಮೋಪ್ಲಾಸ್ಟ್ (ಕೋಶಗಳ ನಡುವೆ ಹೊಸ ಭಿತ್ತಿ ಕಟ್ಟುವ ಎಳೆಗಳ ರಚನೆ) ಬರುತ್ತವೆ, ನಿಜ. ಆದರೆ ಕೋಶಪೊರೆಗೆ ಅಂಟಿಕೊಂಡಿರುವ ಕಾರ್ಟಿಕಲ್ ಎಳೆಗಳು ಬೇಕಾದರೆ 0.1% ಗ್ಲುಟರಾಲ್ಡಿಹೈಡ್ ಸೇರಿಸದೆ ಗತಿಯಿಲ್ಲ. ಅದಿಲ್ಲದ ಸ್ಲೈಡುಗಳಲ್ಲಿ ಕಾರ್ಟಿಕಲ್ ಎಳೆ ತುಂಡು ತುಂಡಾಗಿರುತ್ತದೆ. ಅದರ ಸ್ವಂತ ಹೊಳಪು ತೆಗೆಯಲು ಸೋಡಿಯಂ ಬೋರೊಹೈಡ್ರೈಡ್ 1 ಮಿ.ಗ್ರಾಂ ಪ್ರತಿ ಎಂಎಲ್, ಪಿಬಿಎಸ್‌ನಲ್ಲಿ, ಆಗಲೇ ಕರಗಿಸಿದ್ದು, 15 ನಿಮಿಷ.

ಚಿತ್ರದಲ್ಲಿ ಮಿನುಗುವ ಚುಕ್ಕಿಗಳು ಇನ್ನೂ ಉಳಿದರೆ ಆಂಟಿಬಾಡಿಯ ಗಂಟುಗಳಿರಬಹುದು. ಪ್ರೈಮರಿ, ಸೆಕೆಂಡರಿ ಎರಡನ್ನೂ ಹಾಕುವ ಮುಂಚೆ 13,000 ಜಿಯಲ್ಲಿ 5 ನಿಮಿಷ ತಿರುಗಿಸಿ ಮೇಲಿನದಷ್ಟೇ ಬಳಸಿ. ಸ್ಟಾಕನ್ನು 5–10 ಮೈಕ್ರೊಲೀಟರ್‌ನ ಚಿಕ್ಕ ಟ್ಯೂಬುಗಳಿಗೆ ಹಂಚಿಟ್ಟರೆ ಪದೇ ಪದೇ ಹೆಪ್ಪುಗಟ್ಟಿ ಕರಗುವುದು ತಪ್ಪುತ್ತದೆ.

ಸ್ಕ್ವಾಶ್‌ನಲ್ಲಿ ಕೋಶಗಳ ಜಾಗ ಕದಡಿಹೋಗುತ್ತದೆ. ಯಾವ ಪದರದ ಕೋಶ ಎಂಬುದು ಬೇಕಾದರೆ ಸ್ಟೀಡ್‌ಮನ್ ಮೇಣದಲ್ಲಿ ಸೆಕ್ಷನ್ ಮಾಡಿ: ಪಿಇಜಿ 400 ಡೈಸ್ಟಿಯರೇಟ್ 9 ಪಾಲು, 1-ಹೆಕ್ಸಾಡೆಕನಾಲ್ 1 ಪಾಲು, ತೂಕದಲ್ಲಿ. 37 ಡಿಗ್ರಿಗೇ ಕರಗುವುದರಿಂದ ಪ್ಯಾರಾಫಿನ್‌ನಂತೆ ಎಪಿಟೋಪ್ ಬೇಯುವುದಿಲ್ಲ. ಅದೇ ಅದರ ಶಾಪವೂ ಹೌದು: ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಎಸಿ ಇಲ್ಲದ ಕೋಣೆಯಲ್ಲಿ ರಿಬ್ಬನ್ ಚಾಕುವಿನ ಮೇಲೆಯೇ ಬೆಣ್ಣೆಯಾಗುತ್ತದೆ. ಮೇಣದಿಂದ ಬಿಡಿಸಲು ಎಥನಾಲ್ ಬೇಕೇ ಬೇಕು, ಆದ್ದರಿಂದ ಇಲ್ಲಿ ಫ್ಯಾಲಾಯ್ಡಿನ್ ಬಿಟ್ಟು ಸಿ4ಗೇ ಹೋಗಿ.

ಫ್ರಾಗ್ಮೋಪ್ಲಾಸ್ಟ್

ಗ್ಲುಟರಾಲ್ಡಿಹೈಡ್ ಬಗ್ಗೆ ನನ್ನದು ಇನ್ನೂ ಬೇಡ ಎಂಬ ಮತವೇ, ಈ ಸ್ಲೈಡಿನ ಮಟ್ಟಿಗೆ. ಪ್ರೀಪ್ರೊಫೇಸ್ ಬ್ಯಾಂಡೂ ಕಾರ್ಟಿಕಲ್ಲೇ, ಆದರೆ ದಟ್ಟವಾದ ಕಟ್ಟು. ಇಜಿಟಿಎ ಇದ್ದರೆ 4%ಗೆ ಉಳಿಯುತ್ತದೆ. ಬೋರೊಹೈಡ್ರೈಡ್ ಗುಳ್ಳೆ ಎಬ್ಬಿಸಿ ಸ್ಕ್ವಾಶ್ ಮಾಡಿದ ಕೋಶಗಳನ್ನು ಸ್ಲೈಡಿನಿಂದ ಕಿತ್ತು ತೇಲಿಸುತ್ತದೆ. ಜೊತೆಗೆ ಗ್ಲುಟರಾಲ್ಡಿಹೈಡ್ ಲೈಸಿನ್‌ಗಳನ್ನು ಹೆಣೆದುಬಿಡುವುದರಿಂದ ಎಪಿಟೋಪ್‌ನಲ್ಲಿ ಲೈಸಿನ್ ಇರುವ ಕ್ಲೋನ್‌ಗಳು ಕುರುಡಾಗುತ್ತವೆ. ಉದ್ದವಾಗುವ ವಲಯದ ಕೋಶಗಳ ಕಾರ್ಟಿಕಲ್ ಸಾಲುಗಳೇ ಗುರಿಯಾದರೆ ಮಾತ್ರ ಸೇರಿಸಿ. ಆಗಲೂ ಬೋರೊಹೈಡ್ರೈಡ್ ಹಂತವನ್ನು ಎಂಜೈಮ್ ಆದ ಮೇಲೆ, ಸ್ಕ್ವಾಶ್‌ಗೆ ಮುಂಚೆ ಟ್ಯೂಬಿನಲ್ಲೇ ಮುಗಿಸಿ.

ಹ್ಯಾಟ್_ಮೀಡಿಯಂ

ಮೂರನೆಯ ಪ್ರಶ್ನೆಗೆ: ಮಾಡಬಹುದು. ಆದರೆ ಒಂದು ಥೀಸಿಸ್‌ಗಾಗಿ ಮಾಡಬೇಡಿ.

ಮೊದಲು ಎಂಎಪಿ65 ಎಂದರೆ ಒಂದೇ ಪ್ರೋಟೀನ್ ಅಲ್ಲ. ಅರಾಬಿಡಾಪ್ಸಿಸ್‌ನಲ್ಲಿ 9 ಸದಸ್ಯರು. ಎಂಎಪಿ65-1 ವಿರುದ್ಧ ದಿಕ್ಕಿನ (ಆಂಟಿಪ್ಯಾರಲಲ್) ಎಳೆಗಳನ್ನು ಜೋಡಿಸಿ ಫ್ರಾಗ್ಮೋಪ್ಲಾಸ್ಟ್‌ನ ನಡುಗೆರೆಯಲ್ಲಿ ಕೂರುತ್ತದೆ, ಎಂಎಪಿ65-3 ಕೂಡ ಅದೇ ನಡುಗೆರೆಯಲ್ಲಿ ಕೋಶವಿಭಜನೆ ಮುಗಿಸಲು ಬೇಕು. ಇಡೀ ಪ್ರೋಟೀನ್ ಚುಚ್ಚಿದರೆ ಬರುವ ಕ್ಲೋನ್‌ಗಳು ಇವರಲ್ಲಿ ಯಾರನ್ನೂ ಬಿಡದೆ ಹಿಡಿಯಬಹುದು. ಸದಸ್ಯರ ನಡುವೆ ಹೆಚ್ಚು ಬೇರೆಯಾಗುವುದು ಸಿ-ತುದಿ. ಆ ಭಾಗದ 100–150 ಅಮೈನೋ ಆಮ್ಲಗಳನ್ನಷ್ಟೇ ಇ. ಕೋಲೈಯಲ್ಲಿ ಮಾಡಿಸಿ. ರಾಗಿ ಟೆಟ್ರಾಪ್ಲಾಯ್ಡ್, 36 ಕ್ರೋಮೋಸೋಮು, ಹಾಗಾಗಿ ಪ್ರತಿ ಜೀನಿಗೂ ಎ, ಬಿ ಜೀನೋಮಿನ ಜೋಡಿ ಇರುತ್ತದೆಂದು ಎಣಿಸಿಯೇ ಸೀಕ್ವೆನ್ಸ್ ಜೋಡಿಸಿ ನೋಡಿ.

ಇನ್ನು ಕ್ರಮ. ಬಾಲ್ಬ್/ಸಿ ಮೌಸ್‌ಗೆ ಮೊದಲ ಚುಚ್ಚು 50 ಮೈಕ್ರೊಗ್ರಾಂ, ಫ್ರಾಯಿಂಡ್ ಕಂಪ್ಲೀಟ್ ಅಡ್ಜುವೆಂಟ್ (ಪ್ರತಿರೋಧ ಕೆರಳಿಸುವ ಬೆರಕೆ) ಜೊತೆ. ಮುಂದಿನವು ಎರಡು ಮೂರು ವಾರಕ್ಕೊಮ್ಮೆ ಇನ್‌ಕಂಪ್ಲೀಟ್‌ನಲ್ಲಿ. ಫ್ಯೂಷನ್‌ಗೆ (ಮೌಸ್ ಗುಲ್ಮದ ಕೋಶವನ್ನು ಮೈಲೋಮಾ ಎಂಬ ಕ್ಯಾನ್ಸರ್ ಕೋಶಕ್ಕೆ ಬೆಸೆಯುವುದಕ್ಕೆ) ಮೂರು ದಿನ ಮುಂಚೆ ಅಡ್ಜುವೆಂಟ್ ಇಲ್ಲದ ಕೊನೆಯ ಚುಚ್ಚು. ಪ್ರಾಣಿ ನೈತಿಕ ಸಮಿತಿಯ ಅನುಮತಿ ಇದೆಲ್ಲಕ್ಕಿಂತ ಮೊದಲು ಬೇಕು. ಮೈಲೋಮಾಗೆ ಎಸ್‌ಪಿ2/0-ಎಜಿ14 ಬಳಸಿ, ಅದು ಸ್ವಂತ ಇಮ್ಯುನೊಗ್ಲಾಬ್ಯುಲಿನ್ ಹೊರಬಿಡುವುದಿಲ್ಲ. ಪುಣೆಯ ಎನ್‌ಸಿಸಿಎಸ್‌ನಲ್ಲಿ ರಾಷ್ಟ್ರೀಯ ಕೋಶ ಭಂಡಾರ ಇದೆ, ಅಲ್ಲಿ ವಿಚಾರಿಸಿ. ತಂದ ಕೂಡಲೇ ಮೈಕೊಪ್ಲಾಸ್ಮಾ ಪರೀಕ್ಷೆ. ಅದು ಹೊಕ್ಕಿದ ಮೈಲೋಮಾದಲ್ಲಿ ಫ್ಯೂಷನ್ ಎಷ್ಟು ಸಲ ಮಾಡಿದರೂ ಕೈಗೆ ಏನೂ ಸಿಗದು.

ಗುಲ್ಮದ ಕೋಶ 5ಕ್ಕೆ ಮೈಲೋಮಾ 1. 50% ಪಿಇಜಿ 1500, 37 ಡಿಗ್ರಿಯದ್ದು 1 ಎಂಎಲ್, ಒಂದು ನಿಮಿಷದಲ್ಲಿ ಹನಿ ಹನಿಯಾಗಿ; ಆಮೇಲೆ ಸೀರಂ ಇಲ್ಲದ ಮೀಡಿಯಂ ನಿಧಾನವಾಗಿ ಸೇರಿಸಿ ಪಿಇಜಿಯನ್ನು ತೆಳುವಾಗಿಸಿ. ಅವಸರ ಮಾಡಿ ಒಮ್ಮೆಗೇ ಸುರಿದರೆ ಆಗಷ್ಟೇ ಬೆಸೆದ ಕೋಶಗಳು ಒಡೆಯುತ್ತವೆ. ಬೆಸೆದ ಕೋಶಗಳನ್ನು ಆರಿಸುವ ಹ್ಯಾಟ್ ಮೀಡಿಯಂ ಎಂದರೆ ಹೈಪೊಕ್ಸಾಂಥಿನ್ 100, ಅಮಿನೊಪ್ಟೆರಿನ್ 0.4, ಥೈಮಿಡಿನ್ 16 ಮೈಕ್ರೊಮೋಲಾರ್. ಎಚ್‌ಜಿಪಿಆರ್‌ಟಿ ಎಂಜೈಮ್ ಇಲ್ಲದ ಮೈಲೋಮಾ ಇದರಲ್ಲಿ ಸಾಯುತ್ತದೆ, ಬೆಸೆಯದ ಗುಲ್ಮಕೋಶ ತಾನಾಗಿಯೇ ಕೆಲವು ದಿನಕ್ಕೆ ಸಾಯುತ್ತದೆ, ಉಳಿಯುವುದು ಬೆಸೆದ ಕೋಶ, ಅದೇ ಹೈಬ್ರಿಡೋಮ. 10–14 ದಿನಕ್ಕೆ ಕಾಲೊನಿ ಕಣ್ಣಿಗೆ ಬೀಳುತ್ತದೆ.

ಬಹಳ ಪ್ರಾಜೆಕ್ಟುಗಳು ಹಳ್ಳ ಹಿಡಿಯುವುದು ಇದರ ಮುಂದೆ, ಸ್ಕ್ರೀನಿಂಗ್‌ನಲ್ಲಿ. ಎಲೈಸಾ (ಬಾವಿಗಳಿರುವ ತಟ್ಟೆಯಲ್ಲಿ ಮಾಡುವ ಆಂಟಿಬಾಡಿ ಪರೀಕ್ಷೆ) ತಟ್ಟೆಗೆ ಅಂಟಿಸಿದ ಪ್ರೋಟೀನ್ ಅರ್ಧ ಬಿಚ್ಚಿಹೋಗಿರುತ್ತದೆ. ಅಲ್ಲಿ ಹೊಳೆಯುವ ಕ್ಲೋನ್‌ಗಳಲ್ಲಿ ಹಲವು ಫಿಕ್ಸ್ ಆದ ಕೋಶದಲ್ಲಿ ಏನನ್ನೂ ಹಿಡಿಯುವುದಿಲ್ಲ. ಎಲೈಸಾ ಬರೀ ಮೊದಲ ಜರಡಿ. ಶುದ್ಧಿಗೆಂದು ಜೋಡಿಸುವ ಅದೇ ಹಿಸ್ ಟ್ಯಾಗ್ ಇರುವ ಸಂಬಂಧವಿಲ್ಲದ ಪ್ರೋಟೀನ್‌ಗೂ ಎರಡನೆಯ ತಟ್ಟೆ ಇಡಿ, ಟ್ಯಾಗ್‌ಗೆ ಹುಟ್ಟಿದ ಕ್ಲೋನ್‌ಗಳು, ಇ. ಕೋಲೈ ಕೊಳೆಗೆ ಹುಟ್ಟಿದ ಕ್ಲೋನ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ. ಉಳಿದ ಬಾವಿಗಳ ಸೂಪರ್‌ನೇಟಂಟನ್ನು ಅದೇ ವಾರ ಬೇರುತುದಿ ಸ್ಲೈಡಿನ ಮೇಲೆ, ನೀರು ಬೆರೆಸದೆ ಹಾಕಿ ನೋಡಿ. ಅದಕ್ಕೇ ಹೇಳುವುದು, ಡಿಎಂ1ಎ ಸ್ಲೈಡ್ ಕೈಗೆ ಕೂರುವವರೆಗೆ ಫ್ಯೂಷನ್ ತಾರೀಖು ಗೊತ್ತು ಮಾಡಬೇಡಿ. ಸ್ಲೈಡೇ ಸರಿಯಿಲ್ಲದಿದ್ದರೆ ಒಳ್ಳೆಯ ಕ್ಲೋನನ್ನೂ ಕೆಟ್ಟದ್ದೆಂದು ಎಸೆಯುತ್ತೀರಿ.

ಐಸೊಟೈಪ್ ನೋಡಿ, ಐಜಿಎಂ ಬಂದರೆ ಬಿಟ್ಟುಬಿಡಿ. 900 ಕಿಲೋಡಾಲ್ಟನ್ ದಾಟುವ ಆ ಅಣು ಸಸ್ಯಕೋಶದ ಭಿತ್ತಿ ನುಸುಳುವುದು ಕಷ್ಟ. ಲಿಮಿಟಿಂಗ್ ಡೈಲ್ಯೂಶನ್ ಎರಡು ಸಲ, ಬಾವಿಗೆ 0.5 ಕೋಶದ ಲೆಕ್ಕದಲ್ಲಿ. ಪ್ರತಿ ಹಂತದಲ್ಲೂ 10% ಡಿಎಂಎಸ್‌ಒದಲ್ಲಿ ಹೆಪ್ಪುಗಟ್ಟಿಸಿದ ವೈಲ್ ಇಟ್ಟುಕೊಳ್ಳಿ. ಹೈಬ್ರಿಡೋಮ ಕ್ರೋಮೋಸೋಮು ಕಳೆದುಕೊಂಡು ಆಂಟಿಬಾಡಿ ಮಾಡುವುದನ್ನೇ ನಿಲ್ಲಿಸುವುದು ಮಾಮೂಲು.

ನನ್ನ ಸಲಹೆ: ಸಿ-ತುದಿಯ ತುಣುಕಿಗೆ ಮೊಲದಲ್ಲಿ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಮಾಡಿಸಿ, ಅದೇ ಪ್ರೋಟೀನ್ ಅಂಟಿಸಿದ ಕಾಲಂನಲ್ಲಿ ಶುದ್ಧಿ ಮಾಡಿ. ಮೊಲದ್ದಾದರೆ ಮೌಸ್ ಡಿಎಂ1ಎ ಜೊತೆ ಡಬಲ್ ಲೇಬಲ್ ಸಲೀಸು. ಅದು ನಡುಗೆರೆಯಲ್ಲಿ ಕಂಡರೆ, ಇನ್ನೂ ಹತ್ತು ವರ್ಷ ಇದೇ ಪ್ರೋಟೀನಿನ ಮೇಲೆ ಲ್ಯಾಬ್ ಕೆಲಸ ಮಾಡುವುದಿದ್ದರೆ, ಆಗ ಮಾನೊಕ್ಲೋನಲ್.

ಬೇರುತುದಿ

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಪೆಕ್ಟೊಲಯೇಸ್, ಎಂಟಿಎಸ್‌ಬಿ, ಐಸ್ ಇಲ್ಲದ ಬೇರು, ಇಷ್ಟು ಬದಲಿಸಿದ ಮೇಲೆ ನಡುವಿನ ಕೋಶಗಳಲ್ಲೂ ಬ್ಯಾಂಡ್, ಸ್ಪಿಂಡಲ್ ಕಾಣುತ್ತಿವೆ. ಎಳೆಯಂತೆ ಕಾಣುವುದೆಲ್ಲ ಮೈಕ್ರೊಟ್ಯೂಬ್ಯೂಲೇ ಎಂದು ತೋರಿಸಲು ಯಾವ ಕಂಟ್ರೋಲ್ ಸಾಕು? ಮೈಕ್ರೊಟ್ಯೂಬ್ಯೂಲ್ ಬಿಚ್ಚುವ ಕಾಲ್ಚಿಸಿನ್ ಲ್ಯಾಬಿನಲ್ಲಿದೆ.

ಜೆಲ್ಲು‌ಬ್ಲಾಟು

ಕಾಲ್ಚಿಸಿನ್ ಸಸ್ಯ ಟ್ಯೂಬುಲಿನ್‌ಗೆ ಸಡಿಲವಾಗಿ ಅಂಟುತ್ತದೆ. ಪ್ರಾಣಿಕೋಶಕ್ಕೆ ಮೈಕ್ರೊಮೋಲಾರ್ ಸಾಕಾದರೆ ಇಲ್ಲಿ ಮಿಲಿಮೋಲಾರ್ ಬೇಕು. ಒರೈಜಲಿನ್ ತನ್ನಿ, ಅದು ಸಸ್ಯದ ಮೈಕ್ರೊಟ್ಯೂಬ್ಯೂಲ್ ಬಿಚ್ಚುವ ಕಳೆನಾಶಕ. ಡಿಎಂಎಸ್‌ಒದಲ್ಲಿ 10 ಮಿಲಿಮೋಲಾರ್ ಸ್ಟಾಕ್, ಬೇರಿನ ನೀರಿಗೆ 1:1000, ಅಂದರೆ 10 ಮೈಕ್ರೊಮೋಲಾರ್, 1 ಗಂಟೆ. ಪಕ್ಕದ ಲೋಟಕ್ಕೆ ಅಷ್ಟೇ ಡಿಎಂಎಸ್‌ಒ ಮಾತ್ರ. ಎರಡನ್ನೂ ಒಂದೇ ದಿನ, ಒಂದೇ ಎಕ್ಸ್‌ಪೋಷರ್‌ನಲ್ಲಿ ತೆಗೆಯಿರಿ. ಒರೈಜಲಿನ್ ಸ್ಲೈಡಿನಲ್ಲೂ ಉಳಿಯುವ ಗೆರೆಗಳು ಭಿತ್ತಿಯ ಸ್ವಂತ ಹೊಳಪು ಅಥವಾ ಸೆಕೆಂಡರಿಯ ಅಂಟು. ಪ್ರೈಮರಿ ಮಾತ್ರ ಹಾಕದ ಸ್ಲೈಡನ್ನು, ಯಾವ ಆಂಟಿಬಾಡಿಯೂ ಹಾಕದ ಸ್ಲೈಡನ್ನು ಹೋಲಿಸಿ ನೋಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ. ಪ್ರೈಮರಿ ಜಾಗದಲ್ಲಿ ಅಷ್ಟೇ ಸಾಂದ್ರತೆಯ ಮೌಸ್ ಐಜಿಜಿ1 ಹಾಕಿದ ಸ್ಲೈಡೂ ಒಂದು ಇರಲಿ. ಆಕ್ಟಿನ್‌ಗೆ ಇದೇ ರೀತಿ ಎಳೆ ಬಿಚ್ಚುವ ಲ್ಯಾಟ್ರಂಕ್ಯುಲಿನ್ ಬಿ 10 ಮೈಕ್ರೊಮೋಲಾರ್.

ರಾಗಿಗೆ ಹೋದಾಗ ಒರೈಜಲಿನ್ ಕೆಲಸ ಮಾಡಿತೇ ಎಂದು ಪ್ರತಿ ಬೀಜದ ಲಾಟಿಗೂ ಪರೀಕ್ಷಿಸಿ. ರಾಗಿಯ ದಾಯಾದಿ ಕಳೆ ಎಲುಸಿನ್ ಇಂಡಿಕಾದಲ್ಲಿ ಆಲ್ಫಾ ಟ್ಯೂಬುಲಿನ್‌ನ 239ನೆಯ ಥ್ರಿಯೊನಿನ್ ಐಸೊಲ್ಯೂಸಿನ್ ಆಗಿ ಡೈನೈಟ್ರೊಅನಿಲಿನ್ ಕಳೆನಾಶಕಗಳಿಗೆ ಬಗ್ಗದ ಗಿಡಗಳಿವೆ, 1998ರಲ್ಲೇ ಅದು ವರದಿಯಾಗಿದೆ. ಒರೈಜಲಿನ್ ಅದೇ ಗುಂಪಿನದ್ದು. ಡಿಎಂ1ಎ ಹಿಡಿಯುವ ಜಾಗ ಅದರಿಂದ ದೂರ ಇರುವುದರಿಂದ ಅಂಥ ಗಿಡದಲ್ಲೂ ಆಂಟಿಬಾಡಿ ಎಂದಿನಂತೆ ಹಿಡಿಯುತ್ತದೆ, ಕಂಟ್ರೋಲ್ ಮಾತ್ರ ಕೈಕೊಡುತ್ತದೆ.